ಸಿದ್ದಯ್ಯನ ಎರಡು ಬೆರಳು

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಚಿಕ್ಕಸಿದ್ದಯ್ಯ ಕೊಳ್ಳೇಗಾಲದ ತನ್ನ ತಗಡಿನ ಶೆಡ್ಡಿನಲ್ಲಿ ಮೊಣಕಾಲೂರಿ ಕೂತು, ಹಳೆಯ ಸ್ಪೋರ್ಟ್ಸ್ ಬೈಕೊಂದರ ಮುಂದಿನ ಫೋರ್ಕಿಗೆ ಹೊಸ ಕ್ಯಾಲಿಪರಿನ ಎರಡನೇ ಬೋಲ್ಟು ಕೂರಿಸುತ್ತಿದ್ದ. ಬೋಲ್ಟು ಆಗಲೇ ಎರಡು ಸಲ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಮೂರನೆಯ ಸಲ ಅದನ್ನೇ ದಿಟ್ಟಿಸಿ ನೋಡಿಕೊಂಡು ನಿಧಾನಕ್ಕೆ ತೂತಿಗೆ ಹಿಡಿಸಿದ.

ಬೈಕು ಯಳಂದೂರಿನ ಕುಮಾರಸ್ವಾಮಿ ಮೇಷ್ಟ್ರದು. ಬಿಳಿಗಿರಿರಂಗನ ಬೆಟ್ಟದ ಮೇಲಿನ ಶಾಲೆಯೊಂದರಲ್ಲಿ ಅವರು ವಿಜ್ಞಾನ ಹೇಳಿಕೊಡುತ್ತಿದ್ದರು. ಬೆಳಗ್ಗೆ ಹತ್ತುವುದು, ಸಂಜೆ ಇಳಿಯುವುದು. ಬೈಕು ಕೊಂಡು ಹದಿನಾರು ವರ್ಷವಾಗಿತ್ತು. ಎಂಜಿನ್ ಇನ್ನೂ ಗಟ್ಟಿಯಾಗಿತ್ತು, ಮುಂದಿನ ಬ್ರೇಕು ಮಾತ್ರ ಕೈಕೊಟ್ಟಿತ್ತು. ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಲೋಹದ ದವಡೆಯೇ ಕ್ಯಾಲಿಪರ್. ಹಳೆಯದರ ಪಿಸ್ಟನ್ ತುಕ್ಕು ತಿಂದು ಅಂಟಿಕೊಂಡಿತ್ತು, ಅದರ ಸಾಮಾನು ಈಗ ಎಲ್ಲೂ ಸಿಗುತ್ತಿರಲಿಲ್ಲ. ಮೇಷ್ಟ್ರು ಮೈಸೂರಿನಲ್ಲಿ ಹುಡುಕಿ, ಹೊಸ ಮಾದರಿಯ ಬೈಕಿನ ಕ್ಯಾಲಿಪರ್ ತಂದುಕೊಟ್ಟಿದ್ದರು. ಬೋಲ್ಟಿನ ತೂತುಗಳು ತಾಳೆಯಾಗದ ಕಾರಣ ಚಿಕ್ಕಸಿದ್ದಯ್ಯ ಲೇತಿನವನ ಹತ್ತಿರ ಎಂಟು ಮಿಲಿಮೀಟರ್ ದಪ್ಪದ ಪಟ್ಟಿಯೊಂದನ್ನು ಮಾಡಿಸಿ, ಅದರ ಆಸರೆಯಲ್ಲಿ ಹೊಸದನ್ನು ಕೂರಿಸುತ್ತಿದ್ದ.

ಕೊಳ್ಳೇಗಾಲದಲ್ಲಿ ಬೇರೆ ಮೆಕ್ಯಾನಿಕ್‌ಗಳು ಇಲ್ಲದೇ ಇರಲಿಲ್ಲ. ಆದರೂ ಬೆಟ್ಟ ಇಳಿಯುವ ಗಾಡಿಗಳು ಇವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಬ್ರೇಕಿನ ಕೆಲಸ ಮುಗಿದ ಮೇಲೆ ಅವನು ಕಣ್ಣು ಮುಚ್ಚಿ, ಎರಡೇ ಬೆರಳನ್ನು ಲಿವರಿನ ಮೇಲಿಟ್ಟು ಒತ್ತಿ, ಸ್ವಲ್ಪ ಹೊತ್ತು ಹಿಡಿದುಕೊಂಡು, ಆಮೇಲೆ “ಓಗು” ಎನ್ನುತ್ತಿದ್ದ. ಪೈಪಿನ ಒಳಗೆ ಸಾಸಿವೆ ಕಾಳಿನಷ್ಟು ಗಾಳಿ ಉಳಿದಿದ್ದರೂ ಆ ಬೆರಳಿಗೆ ಸಿಕ್ಕಿಬೀಳುತ್ತಿತ್ತು. ಹನೂರು, ಕೌದಳ್ಳಿ ಕಡೆಯವರು ಬೇರೆಲ್ಲೋ ಬ್ರೇಕ್ ಮಾಡಿಸಿದರೂ ಇಲ್ಲಿಗೆ ಬಂದು, “ಸಿದ್ದಣ್ಣ, ಒಂದ್ಸತಿ ಬೆರಳಿಟ್ಟು ನೋಡ್ಬುಡು” ಅಂತ ಗಾಡಿ ನಿಲ್ಲಿಸುತ್ತಿದ್ದರು.

ಸಕ್ಕರೆ ಕಾಯಿಲೆ ಹನ್ನೊಂದು ವರ್ಷದ್ದು. ಮಾತ್ರೆ ನೆನಪಾದ ದಿನ ನುಂಗುತ್ತಿದ್ದ. ಈಚೆಗೆ ಬೆರಳ ತುದಿಗಳು ಸದಾ ಜೋಮು ಹಿಡಿದಂತಿರುತ್ತಿದ್ದವು. ಸೈಲೆನ್ಸರ್ ತಾಗಿ ಸುಟ್ಟದ್ದು ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತಿತ್ತು. ಗ್ರೀಸು, ಪೆಟ್ರೋಲಿನಲ್ಲಿ ಸವೆದ ಕೈ, ಚರ್ಮ ದಡ್ಡುಗಟ್ಟಿರಬೇಕು ಎಂದುಕೊಂಡ. ಅದಕ್ಕೂ ಬ್ರೇಕಿಗೂ ಸಂಬಂಧವಿರಬಹುದು ಎಂಬಲ್ಲಿಗೆ ಯೋಚನೆಯನ್ನು ಹೋಗಲು ಬಿಟ್ಟಿರಲಿಲ್ಲ.

ಬೋಲ್ಟು ಬಿಗಿದು, ಹೊಸ ಆಯಿಲ್ ಹಾಕಿ, ಒಳಕ್ಕೆ ಕೂಗಿದ. “ಬಾ ಇಲ್ಲಿ. ಏರ್ ತಗೀಬೇಕು.”

ಹೆಂಡತಿ ಶಿವನಂಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ನಿಪ್ಪಲ್ ಎಂಬ ತೂತಿನ ತಿರುಪನ್ನು ಸಡಿಲಿಸಿ ಗಾಳಿಗುಳ್ಳೆಯನ್ನು ಆಯಿಲಿನ ಜೊತೆ ಹೊರಬಿಡಬೇಕು. ಅವಳು ಮಂಡಿನೋವಿನಿಂದ ಬಿಡುವತನಕ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡಿದವಳು. ಕುದಿನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಹುಡುಕಿ ತೆಗೆಯುವ ಕೈ ಅದು.

“ಒತ್ತು. ಇಡ್ಕೊ.”

“ಇಡ್ಕೊ ಅಂತೀರಿ, ಬುಡು ಅನ್ನೋದೇ ಮರ್ತ್ಬುಡ್ತೀರಿ. ನನ್ ಕೈಯೇನ್ ಕಬ್ಣವಾ?”

“ನನ್ನ ಇಡ್ಕಂಡು ಇಷ್ಟ್ ವರ್ಸ ಆಯ್ತು, ಯಾವತ್ತಾದ್ರೂ ಬುಟ್ಟಿದ್ದೀಯಾ? ಈಗ ಬುಡು.”

ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಬರುವುದು ನಿಂತಿತು. ಅವನು ನಿಪ್ಪಲ್ ಬಿಗಿದು, ಎದ್ದು, ಕಣ್ಣು ಮುಚ್ಚಿ ಎರಡು ಬೆರಳಿಟ್ಟು ಒತ್ತಿದ. ಗಟ್ಟಿಯಾಗಿದೆ ಅನ್ನಿಸಿತು. ನಿಜಕ್ಕೂ ಅವನಿಗೆ ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸದೇ ಇದ್ದದ್ದನ್ನೇ ಗಟ್ಟಿ ಎಂದುಕೊಂಡಿದ್ದ.

ಮೇಷ್ಟ್ರು ಯಳಂದೂರಿನಿಂದ ಬಸ್ಸಿನಲ್ಲಿ ಬಂದರು. ಬೈಕಿನ ಮೇಲೆ ಕೂತು ಲಿವರ್ ಒತ್ತಿದರು.

“ಸಿದ್ದಣ್ಣ, ಸ್ವಲ್ಪ ಮೆತ್ತಗಿದೆ ಅನ್ಸಲ್ವಾ?”

“ಇದ್ರ ಪಿಸ್ಟನ್ ದೊಡ್ದು ಸಾ. ಮ್ಯಾಲಿಂದ ಆಯಿಲ್ ತಳ್ಳೋದು ಅದೇ ಹಳೇದು. ಜಾಸ್ತಿ ಆಯಿಲ್ ಓಗ್ಬೇಕು, ಅದ್ಕೆ ಲಿವರ್ ಒಸಿ ಜಾಸ್ತಿ ಇಳೀತದೆ. ಸೈನ್ಸ್ ಮೇಷ್ಟ್ರು ನೀವು, ನನ್ನ ಕೇಳ್ತೀರಲ್ಲ!”

ಮೇಷ್ಟ್ರು ನಕ್ಕರು. ಲೆಕ್ಕ ಸರಿಯಾಗಿಯೇ ಇತ್ತು. ಸರಿಯಿದ್ದದ್ದರಿಂದಲೇ ಇಬ್ಬರೂ ಮುಂದೆ ಯೋಚಿಸಲಿಲ್ಲ. “ನಿಮ್ಮ ಬೆರಳು ಏನಂತು?”

“ಓಗಿ ಸಾ.”

ಶಿವನಂಜಮ್ಮ ಹ್ಯಾಂಡಲಿನ ಮೇಲೆ ಚೆಲ್ಲಿದ್ದ ಆಯಿಲ್ ಒರೆಸುತ್ತಿದ್ದಳು. ಒರೆಸುತ್ತ ಲಿವರನ್ನು ಒಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು.

“ರೀ, ಗಾಳಿ ಐತೆ.”

“ರೇಷ್ಮೆಗೂಡಲ್ಲ ಕಣಮ್ಮಿ ಇದು. ಒಳೀಕ್ ಓಗು.”

ಅವಳು ಹೋಗಲಿಲ್ಲ. ಮುಂದಿನ ಚಕ್ರಕ್ಕೆ ಅಡ್ಡವಾಗಿ ನಿಂತು ಹ್ಯಾಂಡಲ್ ಹಿಡಿದುಕೊಂಡಳು. “ಇಳೀರಿ ಮೇಷ್ಟ್ರೇ. ಇವತ್ತೊಂದಿನ ಬಸ್ಸಲ್ ಓಗಿ.”

“ಬೀದೀಲಿ ನನ್ ಮಾನ ಕಳೀಬ್ಯಾಡ.”

“ಬೆಟ್ಟ ಇಳೀವಾಗ ನಿಮ್ ಮಾನ ಬಂದು ಬ್ರೇಕ್ ಇಡ್ದದಾ?”

ಅವಳ ಬಾಯಿ ಮುಚ್ಚಿಸಲೆಂದೇ ಅವನು ಸ್ಟೀಲಿನ ಸ್ಕೇಲು ತಂದ. ಮೇಷ್ಟ್ರಿಗೆ ಲಿವರನ್ನು ಬಿಗಿಯಾಗಿ ಒತ್ತಲು ಹೇಳಿ, ಲಿವರಿನ ತುದಿಗೂ ಹ್ಯಾಂಡಲಿನ ಹಿಡಿಗೂ ನಡುವಿನ ಜಾಗ ಅಳೆದ. ದೊಡ್ಡ ಪಿಸ್ಟನ್ನಿನ ಲೆಕ್ಕ ಹಿಡಿದರೂ ಇಪ್ಪತ್ತೈದು ಮಿಲಿಮೀಟರಾದರೂ ಉಳಿಯಬೇಕಿತ್ತು. ಹನ್ನೊಂದು ಇತ್ತು. ಮತ್ತೆ ಅಳೆದ. ಹನ್ನೊಂದೇ.

ಆಗ ಬಗ್ಗಿ ಕ್ಯಾಲಿಪರನ್ನು ನೋಡಿದ. ಹೊಸ ಬೈಕಿನಲ್ಲಿ ಅದು ಚಕ್ರದ ಬಲಗಡೆ ಕೂರುವಂಥದ್ದು. ಇಲ್ಲಿ ಡಿಸ್ಕು ಎಡಗಡೆ. ಆದ್ದರಿಂದ ತಿರುಗಿಸಿ ಕೂರಿಸಿದ್ದ, ನಿಪ್ಪಲ್ ಕೆಳಮುಖವಾಗಿ ನಿಂತಿತ್ತು. ಗಾಳಿ ಮೇಲಕ್ಕೇರುತ್ತದೆ, ಕೆಳಗಿನ ತೂತಿನಿಂದ ಎಷ್ಟು ಆಯಿಲ್ ಹರಿಸಿದರೂ ಅದು ನೆತ್ತಿಯಲ್ಲೇ ಕೂತಿರುತ್ತದೆ. ಲಿವರಿನ ಬಲವೆಲ್ಲ ಆ ಗಾಳಿಯನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಬೆಟ್ಟದ ತಿರುವುಗಳಲ್ಲಿ ಬ್ರೇಕು ಕಾದಂತೆ ಗಾಳಿಯೂ ಹಿಗ್ಗುತ್ತದೆ. ಇದು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ. ಬೆರಳು ಹೇಳುತ್ತದೆ ಎಂಬ ಧೈರ್ಯದಲ್ಲಿ ಚಿಕ್ಕಸಿದ್ದಯ್ಯ ಕಣ್ಣಿನಿಂದ ನೋಡುವುದನ್ನು ಎಂದೋ ಬಿಟ್ಟಿದ್ದ.

ಅವನು ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನ ಬದಲು ಮರದ ಚೂರು ಸಿಕ್ಕಿಸಿ, ನಿಪ್ಪಲ್ ಮೇಲೆ ಬರುವಂತೆ ಕೈಯಲ್ಲಿ ಎತ್ತಿ ಹಿಡಿದ. ಅವಳು ಒತ್ತಿದಳು. ಟ್ಯೂಬಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಬಂದವು, ಬರುತ್ತಲೇ ಇದ್ದವು. ನಿಂತ ಮೇಲೆ ಮತ್ತೆ ಕೂರಿಸಿ ಅಳೆದಾಗ ಇಪ್ಪತ್ತೇಳು ಬಂತು.

“ಈಗ ಸರೋಯ್ತು,” ಎಂದಳು ಶಿವನಂಜಮ್ಮ.

ಮೇಷ್ಟ್ರು ಹೆಲ್ಮೆಟ್ ಹಿಡಿದು ಅವನ ಮಾತಿಗೆ ಕಾದು ನಿಂತಿದ್ದರು.

“ನಾನು ಓಗಿ ಅಂತ ಏಳಾಕಿಲ್ಲ ಸಾ,” ಎಂದ ಚಿಕ್ಕಸಿದ್ದಯ್ಯ. “ನನ್ ಬೆರಳ್ಗೆ ಗೊತ್ತಾಯ್ತಾ ಇಲ್ಲ. ಯಾವಾಗಿಂದ ಅಂತಾನೂ ಗೊತ್ತಿಲ್ಲ. ಇವ್ಳು ನೋಡವ್ಳೆ, ಸ್ಕೇಲು ನೋಡೈತೆ. ನಂಬ್ಕೆ ಇದ್ರೆ ಓಗಿ.”

ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡರು. ಬೀದಿಯ ಕೊನೆಯವರೆಗೆ ನಿಧಾನಕ್ಕೆ ಹೋಗಿ, ಬ್ರೇಕು ಒತ್ತಿ ನಿಲ್ಲಿಸಿ ನೋಡಿ, ಆಮೇಲೆ ಯಳಂದೂರಿನ ಕಡೆ ತಿರುಗಿದರು.

ಯಾವಾಗಿಂದ ಎನ್ನುವ ಮಾತು ಅವನ ಬಾಯಿಂದಲೇ ಬಂದಿತ್ತು, ಅದೇ ಈಗ ಅವನನ್ನು ಹಿಡಿದುಕೊಂಡಿತು. ಈ ವರ್ಷ ಅವನು “ಓಗು” ಎಂದ ಗಾಡಿಗಳೆಲ್ಲ ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಹತ್ತಿ ಇಳಿಯುತ್ತಿದ್ದವು. ಶೆಡ್ಡಿಗೆ ಬೀಗ ಹಾಕಿ, ಮೊಪೆಡ್ಡಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಆ ಗಾಡಿಗಳನ್ನು ಮತ್ತೆ ನೋಡಿಬರಲು ಹನೂರಿನ ಕಡೆ ಹೊರಟ.

ಹನೂರಿನಲ್ಲಿ ಹಾಲಿನವನ ಗಾಡಿ ಸರಿಯಾಗಿತ್ತು. ಟೈಲರನದೂ ಸರಿಯಾಗಿತ್ತು. ಇನ್ನೊಬ್ಬನ ಗಾಡಿಯಲ್ಲಿ ಸ್ವಲ್ಪ ಗಾಳಿ ಇದೆ ಎಂದು ಶಿವನಂಜಮ್ಮ ಹೇಳಿದಳು. ರಸ್ತೆಯ ಪಕ್ಕದಲ್ಲೇ ಕೂತು ಸರಿಮಾಡಿದರು. “ಒಳ್ಳೇ ಗಂಡ ಹೆಂಡ್ತಿ, ಕರೀದೇನೆ ಬಂದು ರಿಪೇರಿ ಮಾಡ್ತೀರಲ್ಲ” ಎಂದು ಗಾಡಿಯವನು ತಮಾಷೆ ಮಾಡಿದ. ಚಿಕ್ಕಸಿದ್ದಯ್ಯನಿಗೆ ನಗು ಬರಲಿಲ್ಲ.

ಕೌದಳ್ಳಿಯಲ್ಲಿ ಹಳೆಯ ಗಿರಾಕಿ ಬಸವೇಶ ತನ್ನ ದಿನಸಿ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎಡಗಾಲು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿತ್ತು, ಗೋಡೆಗೆ ಊರುಗೋಲು ಒರಗಿತ್ತು.

“ಏನಾಯ್ತ್ಲಾ ಬಸವೇಶ?”

“ನಿಂಗೆ ಗೊತ್ತೇ ಇಲ್ವಾ ಸಿದ್ದಣ್ಣ? ಶಿವರಾತ್ರಿಗ್ ಒಂದ್ ವಾರ ಮುಂಚೆ ಬೆಟ್ಟ ಇಳೀತಾ ಇದ್ದೆ. ತಿರುವಲ್ಲಿ ದನ ಅಡ್ಡ ಬಂತು. ಕಾಲಿಗೆ ರಾಡ್ ಆಕವ್ರೆ.”

ಶಿವರಾತ್ರಿಗೆ ಒಂದು ತಿಂಗಳ ಮೊದಲು ಅವನ ಬ್ರೇಕಿನ ಮೇಲೆ ಬೆರಳಿಟ್ಟದ್ದು ಚಿಕ್ಕಸಿದ್ದಯ್ಯನಿಗೆ ಚೆನ್ನಾಗಿ ನೆನಪಿತ್ತು.

“ಬ್ರೇಕು ಇಡೀತಾ?”

“ಯಾರಿಗ್ ಗೊತ್ತು! ಒತ್ತಿದ್ದು ನೆಪ್ಪೈತೆ. ಆಮ್ಯಾಕ್ ಆಸ್ಪತ್ರೇಲಿ ಕಣ್ಬುಟ್ಟಿದ್ದು ನೆಪ್ಪೈತೆ.”

“ಗಾಡಿ ಎಲ್ಲೈತೆ?”

“ಗುಜರಿಗಾಕ್ದೆ. ಅದ್ಯಾಕಣ್ಣ?”

ಚಿಕ್ಕಸಿದ್ದಯ್ಯ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಬಸವೇಶ ಕೇಳಿಸಿಕೊಂಡು, “ಬುಡಣ್ಣ, ದನ ಏನ್ ನಿನ್ ಬೆರಳ್ ಕೇಳ್ಕಂಡು ರಸ್ತೆಗ್ ಬಂತಾ?” ಎಂದು ನಕ್ಕು ಟೀ ತರಿಸಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಿಕ್ಕಸಿದ್ದಯ್ಯನಿಗೆ. ಗಾಡಿ ಇದ್ದಿದ್ದರೆ ಶಿವನಂಜಮ್ಮ ಲಿವರ್ ಒತ್ತಿ, ಗಾಳಿ ಇತ್ತೋ ಇಲ್ಲವೋ ಹೇಳುತ್ತಿದ್ದಳು. ಈಗ ಅದನ್ನು ಹೇಳುವವರು ಯಾರೂ ಇಲ್ಲ. ಮುಂದೆಯೂ ಇರುವುದಿಲ್ಲ. ಲೋಟ ಬಿಸಿಯಿದೆಯೋ ಆರಿದೆಯೋ ಬೆರಳಿಗೆ ತಿಳಿಯದೆ, ಅವನು ಅದನ್ನು ತುಟಿಗೆ ತಾಗಿಸಿ ನೋಡಿದ.

ಮರುದಿನ ಬೋರ್ಡಿನ ಮೇಲಿದ್ದ “ಬ್ರೇಕ್” ಎಂಬ ಮಾತನ್ನು ಬಣ್ಣ ಬಳಿದು ಮುಚ್ಚಿದ. ಪಂಕ್ಚರು, ಚೈನು, ಆಯಿಲ್ ಬದಲಾಯಿಸುವುದು ಉಳಿಯಿತು. ಬ್ರೇಕಿಗೆಂದು ಬಂದವರನ್ನು ಬೇರೆ ಕಡೆ ಕಳಿಸುತ್ತಿದ್ದ. “ಅಕ್ಕನ್ ಕೈಲಿ ಒತ್ತಿಸ್ಬೌದಲ್ಲ” ಎಂದವರಿಗೆ ಶಿವನಂಜಮ್ಮ, “ಒಂದಿನ ಒತ್ತಿದ್ದಕ್ಕೇ ನಂಗೆ ನಿದ್ದೆ ಓಯ್ತು. ದಿನಾ ಒತ್ತಿ ಬದುಕಾಕಾದದಾ?” ಎಂದು ಹೇಳಿ ಒಳಗೆ ಹೋಗುತ್ತಿದ್ದಳು.

ಮುಂದಿನ ವಾರ ಅವಳೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರ್ಸ್ ಅವನ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಡಿಸಿ, ಬಿರುಸಾದ ನೈಲಾನ್ ಎಳೆಯೊಂದನ್ನು ತೆಗೆದುಕೊಂಡಳು.

“ಕಣ್ಣು ಮುಚ್ಕೊಳಿ. ಮುಟ್ಟಿದಾಗೆಲ್ಲ ಮನಸ್ಸಲ್ಲೇ ಎಣಿಸ್ಕೊಳಿ. ಕೊನೇಲಿ ಹೇಳಿ, ಸಾಕು.”

ಹತ್ತು ಬೆರಳಿನ ತುದಿಗೂ ಒಂದೊಂದು ಸಲ ಎಳೆಯನ್ನು ಒತ್ತಿದಳು. ಒತ್ತಿದಾಗೆಲ್ಲ ಎಳೆ ಬಾಗುವುದನ್ನು ಶಿವನಂಜಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಬಲಗೈಯ ಬೆರಳುಗಳಾದವು, ಎಡಗೈಯವೂ ಆದವು. ನರ್ಸ್ ಎಳೆಯನ್ನು ಟ್ರೇಗೆ ಹಾಕಿದಳು.

ಚಿಕ್ಕಸಿದ್ದಯ್ಯ ಇನ್ನೂ ಕಣ್ಣು ಮುಚ್ಚಿ, ಕೈಚಾಚಿ ಕಾಯುತ್ತಿದ್ದ.

“ಎಷ್ಟಾಯ್ತು, ಹೇಳಿ.”

“ಮುಗೀತಾ?”

“ಮುಗೀತು.”

ಅವನು ಕಣ್ಣು ತೆರೆದು, “ಮೂರು” ಎಂದ.