ಮುದ್ದೆ ಅಗಿಯುವ ಸೊಸೆ

ಗದಗಿನ ಕಡೆಯಿಂದ ದೊಡ್ಡಬಳ್ಳಾಪುರದ ಪಕ್ಕದ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದ ಮೂರನೇ ದಿನ, ನೆಂಟರಿಷ್ಟರ ಮುಂದೆ ನನ್ನ ತಟ್ಟೆಗೆ ರಾಗಿಮುದ್ದೆ ಬಿತ್ತು. ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ಅಗಿದೆ. ಅನ್ನ ಅಗಿಯುತ್ತೇವೆ, ರೊಟ್ಟಿ ಅಗಿಯುತ್ತೇವೆ. ಮುದ್ದೆಯನ್ನು ಮಾತ್ರ ಹಲ್ಲಿಗೆ ತಾಗಿಸದೆ ನುಂಗಬೇಕು ಎಂದು ನನಗೆ ಯಾರು ಹೇಳಿದ್ದರು? ಹಿಟ್ಟು ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ಬಿಡಲಾಗದೆ ಕೂತಿದ್ದೆ.

"ಅಯ್ಯೋ, ಮುದ್ದೆ ಅಗೀತಾವ್ಳೆ ನೋಡ್ರಪ್ಪ!" ಎಂದರು ಅತ್ತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಒಬ್ಬರೂ ಒಂದು ಲೋಟ ನೀರು ಕೊಡಲಿಲ್ಲ.

ಅವತ್ತಿನಿಂದ ನಾನು ಊಟಕ್ಕೆ ತಕರಾರು ತೆಗೆಯುವವಳು. ಎಂಥಾ ಸುಳ್ಳು! ಮೂರೇ ತಿಂಗಳಲ್ಲಿ ನುಂಗುವುದು ಕಲಿತೆ. ಬಸ್ಸಾರು, ಉಪ್ಸಾರು, ಹಿತಕಿದ ಅವರೆಬೇಳೆ, ಹಾಕಿದ್ದನ್ನೆಲ್ಲ ತಿಂದೆ. ಕೆಲವನ್ನು ಕಣ್ಣುಮುಚ್ಚಿಕೊಂಡು ತಿಂದೆ, ಆಮೇಲೆ ಅವುಗಳ ರುಚಿಯೂ ಹತ್ತಿತು. 'ಊಟ ತನ್ನಿಚ್ಛೆ' ಎನ್ನುವ ಗಾದೆ ಸೊಸೆಯರಿಗೆ ಅನ್ವಯಿಸುವುದಿಲ್ಲ.

ಅತ್ತೆ ಮನೆಯವರು? ನನ್ನ ತವರಿನ ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲೇ ಮುಗ್ಗಲು ಹಿಡಿಯಿತು. ಒಂದು ಬೆಳಿಗ್ಗೆ ಬೇಗ ಎದ್ದು, ಕೈ ಸುಟ್ಟುಕೊಂಡು, ಹತ್ತು ಜೋಳದ ರೊಟ್ಟಿ ಬಡಿದಿಟ್ಟೆ. ಈ ಮನೆಯಲ್ಲಿ ನನ್ನ ಇಷ್ಟಕ್ಕೆ ನಾನು ಮಾಡಿದ ಮೊದಲ ಅಡುಗೆ ಅದು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಹಿಗ್ಗಿಹೋದೆ.

"ಹಸೂಗೆ ಹಾಕ್ದೆ ಕಣಮ್ಮ. ನಮ್ ಕಡೆ ಜೋಳ ಬೆಳೆಯೋದೇ ದನಕ್ಕೆ" ಎಂದರು ಅತ್ತೆ.

ಒಂದು ಚೂರು ಬಾಯಿಗಿಟ್ಟು, ಚೆನ್ನಾಗಿಲ್ಲ ಎಂದು ಉಗಿದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ತಿಂದೇ ನೋಡದೆ! ದಾಬಸ್‌ಪೇಟೆಯ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಏನು ಕೊಟ್ಟರೂ ತಿನ್ನುವ ನನ್ನ ಗಂಡ "ಹೋಗ್ಲಿ ಬಿಡು" ಎಂದರು. ಬಿಟ್ಟೆ. ಎಂಟು ವರ್ಷ ಈ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ.

ಹೋದ ತಿಂಗಳು, ಅಲ್ಲಿಯವರೆಗೆ ಅನ್ನವನ್ನೇ ಉಣ್ಣುತ್ತಿದ್ದ ನನ್ನ ಆರು ವರ್ಷದ ಮಗಳು, ಮೊದಲ ಸಲ ಬಡಿಸಿದ ಮುದ್ದೆ ಬೇಡವೆಂದು ತಟ್ಟೆ ತಳ್ಳಿದಳು.

"ತಿಂದೇ ನೋಡ್ದೆ ಬ್ಯಾಡ ಅಂದ್ರೆ ಹೆಂಗೇ? ಎಲ್ಲಾ ಅವರಮ್ಮನ ಬುದ್ಧಿ" ಎಂದರು ಅತ್ತೆ.

ಮೈಯೆಲ್ಲ ಉರಿದುಹೋಯಿತು. ತಿಂದು ನೋಡುವ ಪಾಠವನ್ನು ಇವರು ಹೇಳಬೇಕೆ? ತವರಿಂದ ತಂದು ಅಡಗಿಸಿಟ್ಟಿದ್ದ ಜೋಳದ ಹಿಟ್ಟು ತೆಗೆದು, ಒಲೆ ಹಚ್ಚಿ, ಎರಡು ರೊಟ್ಟಿ ಬಡಿದು ಅವರ ತಟ್ಟೆಗೆ ಹಾಕಿದೆ. ಸಿಟ್ಟು ಬಂದರೆ ನನಗೆ ತವರಿನ ಮಾತೇ ಬರುತ್ತದೆ.

"ಮೊದ್ಲ ನೀವು ತಿನ್ರಿ ಅತ್ತಿ. ಆಮ್ಯಾಲ ಆಕಿ ಮುದ್ದಿ ತಿಂತಾಳ."

ಮೊಮ್ಮಗಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಅತ್ತೆಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದೊಡ್ಡ ತುಂಡೊಂದನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿ, ಅರವತ್ತು ವರ್ಷದ ಅಭ್ಯಾಸದಂತೆ ನುಂಗಿಬಿಟ್ಟರು. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ಬಂತು.

"ಅಜ್ಜೀ, ಅಗೀಬೇಕು!" ಎಂದು ಕೂಗಿದಳು ಮಗಳು.

ನಾನು ನಗಲಿಲ್ಲ. ನೀರಿನ ಲೋಟ ಕೈಗಿಟ್ಟು ಬೆನ್ನು ಸವರಿದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ. ಅವರು ಸುಧಾರಿಸಿಕೊಂಡು, ಉಳಿದ ರೊಟ್ಟಿ ಹಿಡಿದು ಕೊಟ್ಟಿಗೆಯ ಕಡೆ ಹೊರಡಲು ಎದ್ದರು.

"ಕೂಡ್ರಿ ಅತ್ತಿ" ಎಂದೆ.

ಕೂತರು. ಸಣ್ಣ ಚೂರು ಮುರಿದು ಬಾಯಿಗಿಟ್ಟು, ನನ್ನ ಮುಖವನ್ನೇ ನೋಡುತ್ತ ಅಗಿದರು.