ಸಂತೆಯ ದಿನದ ಹರಳುಗಳು

ಮಸಗುಪ್ಪಿಯ ದಲಿತ ಕೇರಿಯ ದುರ್ಗಪ್ಪನ ಮಗಳು ದೀಪಾ ಮೂಡಲಗಿಯ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಬೇರೆಯವರು ಗಾಜಿನ ನಳಿಕೆಯನ್ನು ಒಮ್ಮೆ ತೊಳೆದರೆ ಅವಳು ಮೂರು ಸಲ ತೊಳೆಯುತ್ತಿದ್ದಳು. ಅಂಥವಳ ಕೈ ಶುದ್ಧವಿಲ್ಲವೆಂದು ಬರೆದರಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹುಕ್ಕೇರಿ ಕಡೆಯ ಒಂದು ಔಷಧ ಕಾರ್ಖಾನೆಯಲ್ಲಿ, ತಯಾರಾದ ಪುಡಿ ಎಷ್ಟು ಬಿಸಿಗೆ ಕರಗುತ್ತದೆಂದು ನೋಡುವುದು ಅವಳ ಕೆಲಸ. ಕಳೆದ ವರ್ಷ ಒಂದೇ ಔಷಧದ ಕೆಲವು ದಿನಗಳ ಪುಡಿ ಕರಗಬೇಕಾದ ಬಿಸಿಗಿಂತ ಹನ್ನೆರಡು ಡಿಗ್ರಿ ಮೊದಲೇ ಕರಗಿತು. ಮೇಲಧಿಕಾರಿ ಕಾಶಿನಾಥರು ಏನನ್ನೂ ಪರೀಕ್ಷಿಸದೆ, "ಅಶುದ್ಧ ಕೈಗಳಿಂದ ಮಾದರಿ ಕೆಟ್ಟಿದೆ" ಎಂದು ನೋಟಿಸು ಕೊಟ್ಟರು. ಏಳು ದಿನಗಳೊಳಗೆ ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತಿತ್ತು. ಬೇರೆ ಕೇರಿಯ ಹುಡುಗಿಗೆ ಅವರು ಆ ಶಬ್ದ ಬರೆಯುತ್ತಿದ್ದರೇ?

"ಬಿಟ್ಟು ಬಾ. ಹೊಲದಾಗ ಕೆಲಸಕ್ಕೇನ್ ಕಡಿಮಿ ಐತಿ?" ಎಂದಳು ತಾಯಿ ಉದ್ದವ್ವ.

"ಬಿಟ್ಟ್ ಬಂದ್ರ ಅವರು ಬರದದ್ದು ಖರೆ ಆಗತೈತಿ ಬೇ."

ಮರುದಿನ ದಾಖಲೆ ಪುಸ್ತಕ ಹಿಡಿದು ಗೋಕಾಕದ ನನ್ನ ಮನೆಗೆ ಬಂದಳು. "ಸರ್, ಮೊದಲ ಕರಗಿದ್ದೆಲ್ಲಾ ಸಂತಿ ದಿನ ತಯಾರಾದದ್ದ ಐತ್ರಿ."

ಸಂತೆಯ ದಿನ ಕಾರ್ಖಾನೆಯ ಬಸ್ಸು ಎರಡು ತಾಸು ಮುಂಚೆ ಹೊರಡುತ್ತದೆ. ಅಂದು ಬಿಸಿ ದ್ರಾವಣ ತಾನಾಗಿ ಆರುವವರೆಗೆ ಕಾಯದೆ, ಪಾತ್ರೆಯ ಸುತ್ತ ಮಂಜುಗಡ್ಡೆ ಸುರಿದು ತಣಿಸುತ್ತಿದ್ದರು. ಹಾಗೆ ಮಾಡಿರೆಂದವರು ಕಾಶಿನಾಥರೇ.

ಕೆಲವು ವಸ್ತುಗಳ ಅಣುಗಳು ಹರಳುಗಟ್ಟುವಾಗ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಣೆಗೊಳ್ಳುತ್ತವೆ. ವಸ್ತು ಅದೇ, ಶುದ್ಧತೆಯೂ ಅಷ್ಟೇ; ಹರಳು ಮಾತ್ರ ಬೇರೆ, ಕರಗುವ ಬಿಸಿಯೂ ಬೇರೆ. ಇದಕ್ಕೆ ಬಹುರೂಪತೆಯೆನ್ನುತ್ತಾರೆ. ಅಧಿಕಾರಿಗೆ ಇದು ತಿಳಿದಿರಬೇಕಾಗಿತ್ತು.

ದೀಪಾ ಕಾರ್ಖಾನೆಗೆ ಹಿಂತಿರುಗಿ ಕಾಶಿನಾಥರೆದುರಿಗೇ ಒಳ್ಳೆಯ ಪುಡಿಯನ್ನು ಬಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿ ಎರಡು ಪಾಲು ಮಾಡಿದಳು. ಒಂದನ್ನು ತಾನಾಗಿ ಆರಲು ಬಿಟ್ಟಳು, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟಳು. ಸೂಕ್ಷ್ಮದರ್ಶಕದಲ್ಲಿ ಒಂದರಲ್ಲಿ ದಪ್ಪ ಹರಳು, ಇನ್ನೊಂದರಲ್ಲಿ ಸೂಜಿ ಹರಳು. ಒಣಗಿಸಿ ಕಾಯಿಸಿದಾಗ ಸೂಜಿ ಹರಳು ಹನ್ನೆರಡು ಡಿಗ್ರಿ ಮೊದಲೇ ಕರಗಿತು. ಧಾರವಾಡದಿಂದ ತರಿಸಿದ ಕ್ಷ-ಕಿರಣದ ವರದಿಯೂ ಹರಳುಗಳು ಎರಡು ಬಗೆಯೆಂದೇ ಹೇಳಿತು.

"ಆತು ಬಿಡವಾ, ನೋಟಿಸು ಹರದ ಒಗಿಯೂಣು" ಎಂದರು ಕಾಶಿನಾಥರು.

"ಹರೀಬ್ಯಾಡ್ರಿ ಸರ್. ಕೈ ನನ್ನದ ಕೆಟ್ಟಿಲ್ಲ, ಹುಕುಂ ನಿಮ್ಮದ ತಪ್ಪಿತ್ತು ಅಂತ ಅದರ ಕೆಳಗ ಬರದು ಸಹಿ ಮಾಡ್ರಿ."

ಅವರು ಮಾಡಲಿಲ್ಲ. ಅವಳೂ ಪುಡಿಯ ಯಾವ ವರದಿಗೂ ಸಹಿ ಹಾಕಲಿಲ್ಲ. ಅವಳ ಸಹಿಯಿಲ್ಲದೆ ಮಾಲು ಹೊರಹೋಗುವಂತಿರಲಿಲ್ಲ; ನಾಲ್ಕು ದಿನ ಡಬ್ಬಿಗಳು ಗೋದಾಮಿನಲ್ಲೇ ಉಳಿದವು. ಐದನೆಯ ದಿನ ಕಾಶಿನಾಥರು ಬರೆದು ಸಹಿ ಮಾಡಿದರು. ಕ್ಷಮೆಯನ್ನಂತೂ ಕೇಳಲಿಲ್ಲ.