ಕಿವಿಯಕ್ಕ ಬಾಯಿಬಿಟ್ಟ ಮೇಲೆ

ಬೆಳಗಿನ ಐದೂಕಾಲು. ವಾಹನಗಳು ಇನ್ನೂ ಬೀದಿಗಿಳಿದಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಕಿವಿಯಕ್ಕ ಎನ್ನುವ ಸೋರಿಕೆ ಪತ್ತೆಗಾರ್ತಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೂ ಇನ್ನೊಂದನ್ನು ಕಿವಿಗೂ ಆನಿಸಿ ಉಸಿರು ಬಿಗಿಹಿಡಿದಿದ್ದಾರೆ. ನೆಲದಡಿ ಎಲ್ಲೋ ಪೈಪು ಸೋರುತ್ತಿದೆ. "ಇಲ್ಲೇ," ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ.

"ನನಗ್ಯಾಕೋ ಇನ್ನೆರಡು ಹೆಜ್ಜೆ ಆಚೆ ಅನ್ಸುತ್ತೆ ಅಕ್ಕ," ಎನ್ನುತ್ತಾನೆ ಗುಂಡಿ ತೋಡುವಾತ.

"ಹಾಗಾದ್ರೆ ಅಲ್ಲೇ ತೋಡು, ನೋಡೇಬಿಡೋಣ."

ಮೊಣಕಾಲಾಳಕ್ಕೆ ಮಣ್ಣು ಕೆಸರಾಗುತ್ತದೆ. ಸೊಂಟದಾಳಕ್ಕೆ ನೀರು ಚಿಮ್ಮಿ ಅವನ ಮುಖಕ್ಕೇ ರಾಚುತ್ತದೆ. ಕಿವಿಯಕ್ಕನ ಮುಖ ಸಣ್ಣದಾಗುವುದಿಲ್ಲ. ಅವನ ಒದ್ದೆ ಭುಜಕ್ಕೊಂದು ಗುದ್ದು ಕೊಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ನನ್ನನ್ನೇ ಮೀರಿಸಿಬಿಟ್ಯಲ್ಲೋ."

ಮೂರು ವರ್ಷದ ಹಿಂದೆ ಇದೇ ಮನುಷ್ಯನಿಗೆ ಅವರು ಒಂದಕ್ಷರವೂ ಹೇಳಿಕೊಡುತ್ತಿರಲಿಲ್ಲ.

ಕಿವಿಯಕ್ಕ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಬೆಳಗಾದರೆ ಎಂಟು ಬೀದಿ, ಅರವತ್ತು ಕಡೆ ಸಲಾಕೆಯೂರಿ ಆಲಿಸಬೇಕು. ಹರಿಯುವ ನೀರಿನ ಸದ್ದು ಬೇರೆ, ಸೋರುವ ನೀರಿನದೇ ಬೇರೆ. ಆ ವ್ಯತ್ಯಾಸ ಹಿಡಿಯಲು ಅವರಿಗೆ ನಾಲ್ಕು ವರ್ಷ ಬೇಕಾಯಿತು. ಅದನ್ನೆಲ್ಲ ಒಮ್ಮೆ ಮೇಲ್ವಿಚಾರಕರಿಗೆ ಬಿಡಿಸಿ ಹೇಳಿದರು. ಆ ಪುಣ್ಯಾತ್ಮರು ತಮ್ಮದೇ ಶೋಧವೆಂದು ವರದಿ ಬರೆದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದರು. "ಹಿಂದಿನ ಸಾಲಲ್ಲಿ ಕೂತು ನಾನೂ ತಟ್ಟಿದೆ. ಅವತ್ತೇ ಬಾಯಿಗೆ ಬೀಗ ಹಾಕ್ಕೊಂಡೆ. ಯಾರು ಕೇಳಿದ್ರೂ, ಅಭ್ಯಾಸ ಆದ್ರೆ ಗೊತ್ತಾಗುತ್ತೆ ಅಂದು ಸಾಗಹಾಕ್ತಿದ್ದೆ."

ಆಮೇಲೊಮ್ಮೆ ಎಡಗಿವಿ ನೋವು ಬಂದು ವಾರ ಮಲಗಿದರು. ಅದೇ ವಾರ ಆಸ್ಪತ್ರೆ ಬೀದಿಯ ನಲ್ಲಿಗಳಲ್ಲಿ ನೀರು ಬರುವುದು ನಿಂತಿತು. ಐದು ಗುಂಡಿ ತೋಡಿದರೂ ಸೋರಿಕೆ ಸಿಗಲಿಲ್ಲ. ಹೊಸ ಎಂಜಿನಿಯರಮ್ಮ ಮನೆಗೇ ಬಂದರು. ಬೈಯುತ್ತಾರೆಂದುಕೊಂಡರೆ, "ಯಾಕಕ್ಕ ಯಾರಿಗೂ ಹೇಳಿಕೊಟ್ಟಿಲ್ಲ?" ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕೂತರು. ಸಂಜೆಯೇ ಕಿವಿಯಕ್ಕ ಬಲಗಿವಿಯನ್ನು ಸಲಾಕೆಗಾನಿಸಿ ಜಾಗ ತೋರಿಸಿದರು. ಹೇಗೆ ಗೊತ್ತಾಯಿತೆಂದೂ ಅಗೆಯುವವರಿಗೆ ಹೇಳಿದರು.

ಮರುತಿಂಗಳಿಂದ ವರದಿಯಲ್ಲಿ ಪತ್ತೆ ಮಾಡಿದವರ ಜೊತೆಗೆ ಕಲಿಸಿದವರ ಹೆಸರೂ ಬಂತು. ಕಲಿಯುವ ಹೊತ್ತು ಕೆಲಸದ ಹೊತ್ತೆಂದೇ ಲೆಕ್ಕವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಜಾಗ ಅಗೆದವರನ್ನು ಗದರುವುದು ನಿಂತಿತು. ಈಗ ಏಳು ಜನ ಸಲಾಕೆ ಹಿಡಿದಿದ್ದಾರೆ. ಮೂರು ದಿನ ಹಿಡಿಯುತ್ತಿದ್ದ ಹುಡುಕಾಟಕ್ಕೆ ಒಂದು ಬೆಳಗು ಸಾಕು.

ಮುಂದಿನ ವರ್ಷ ನಿವೃತ್ತಿ. ಏನಾಸೆ ಎಂದರೆ ಕಿವಿಯಕ್ಕನ ಕಣ್ಣು ಮಿನುಗುತ್ತದೆ. "ಒಂದಿನ ನಮ್ಮನೆ ಮುಂದೇನೇ ಪೈಪು ಒಡೀಬೇಕು. ಇವರೆಲ್ಲ ಬಂದು ಹುಡುಕ್ಬೇಕು. ನಾನು ಕಿಟಕೀಲಿ ಟೀ ಕುಡೀತಾ ನೋಡ್ತಿರ್ಬೇಕು. ಯಾರೂ ನನ್ನನ್ನ ಕರೀಲೇಬಾರ್ದು."